ಸಮುದ್ರಕ್ಕೆ ಹೋಗಲು ಯಾವ ತಿಂಗಳು ಒಳ್ಳೆಯದು

ಹೆತ್ತೂರು,
ತಾ. ೮-೭-೧೯೯೮

ಮುದ್ದಿನ ಮಗಳು ಮಧುಶ್ರೀಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಅಪ್ಪ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಬೇಕೆಂದು ಒಂದು ಸಲ ಕೂತಾಗ ಪಕ್ಕದ ತೋಟದ ಹಲಸಿನ ಮರ ನಮ್ಮ ಬೇಲಿಯ ಮೇಲೆ ಮಗುಚಿಕೊಂಡಿತು, ಅದನ್ನು ಕಡಿಸಲು ಓಡಿದೆ. ಇನ್ನೊಂದು ಸಲ ಏನೂ ಆಗಲಿಲ್ಲ, ಸುಮ್ಮನೆ ಪೆನ್ನು ಮುಚ್ಚಿ ಎದ್ದುಹೋದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಂದರೆ ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ಅಜ್ಜಿಯ ಮೊಣಕಾಲು ನೋವು ಮಾಮೂಲಿ. ಹಸು ಹೆಣ್ಣು ಕರು ಹಾಕಿದೆ. ನಿನ್ನ ಅವ್ವ ಗಿಣ್ಣು ಕಾಯಿಸಿ, ನಿನ್ನನ್ನು ನೆನೆಸಿಕೊಂಡು ತಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಎಲ್ಲ ನಾನೇ ತಿಂದು ಹೊಟ್ಟೆ ಕೆಡಿಸಿಕೊಂಡೆ.

ಪುನರ್ವಸು ಮಳೆ ಹಿಡಿದಾಗಿನಿಂದ ಫೋನು ಸತ್ತುಹೋಗಿದೆ. ಲೈನ್‌ಮ್ಯಾನ್‌ನನ್ನು ಕೇಳಿದರೆ, "ಕಂಬನೇ ಮಲಗ್ಬುಟ್ಟೈತೆ ಗೌಡ್ರೇ, ಎಬ್ಬಿಸಾಕೆ ನಾನೇನು ಅದರ ಅವ್ವನಾ?" ಅನ್ನುತ್ತಾನೆ. ಅವನ ತಲೆಯ ಮೇಲೆ ಒಂದು ಮೊಟಕಬೇಕು ಅನ್ನಿಸಿತು. ಆದರೆ ಅವನೂ ನೆನೆದು ತೊಪ್ಪೆಯಾಗಿ ನಡುಗುತ್ತಿದ್ದ, ಬೈಯದೆ ಬಿಟ್ಟೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಾಗದದ ತುಂಬ ಹಾಸನದ ಶಾಲೆಯ ವಿಷಯ, ನೀನು ಪಾಠ ಹೇಳುವ ಒಂದನೇ ಕ್ಲಾಸಿನ ಮಕ್ಕಳ ಗಲಾಟೆ, ಹಾಸ್ಟೆಲಿನ ಸಾರಿನ ರುಚಿ ಎಲ್ಲ ಬರೆದು, ಕೊನೆಯಲ್ಲಿ ಒಂದೇ ಒಂದು ಸಾಲು: "ಅಪ್ಪ, ಸಮುದ್ರಕ್ಕೆ ಹೋಗಲು ಯಾವ ತಿಂಗಳು ಒಳ್ಳೆಯದು?" ಅದಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ಯಾರ ಜೊತೆ, ಯಾವ ಊರಿನ ಸಮುದ್ರ, ಯಾಕೆ, ಏನೂ ಬರೆದಿಲ್ಲ. ಓದಿದ ಕೂಡಲೇ ನನ್ನ ಎದೆ ಧಸಕ್ ಅಂದಿತು. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಅವ್ವನಿಗೆ ಓದಿ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, "ಈ ಮಳೇಲಿ ಸಮುದ್ರನಾ?" ಅಂದಳು. "ಈಗಲೇ ಅಂತ ಎಲ್ಲಿ ಬರ್ದವ್ಳೆ, ಯಾವ ತಿಂಗಳು ಅಂತ ಕೇಳವ್ಳೆ ಅಷ್ಟೇಯ," ಎಂದು ನಾನು ರೇಗಿದೆ. ನಾನು ಯಾವಾಗ ರೇಗುತ್ತೇನೆ ಅಂತ ಅವಳಿಗೂ ಗೊತ್ತು, ನಿನಗೂ ಗೊತ್ತು. ಹೆದರಿಕೆಯಾದಾಗ.

ಮರುದಿನ ಬಸವಯ್ಯನ ಹೋಟೆಲಿನಲ್ಲಿ ಈ ಮಾತು ತೆಗೆದೆ. ನಿನ್ನ ಹೆಸರು ಹೇಳಲಿಲ್ಲ, ಸುಮ್ಮನೆ ಕೇಳಿದಂತೆ ಕೇಳಿದೆ. ಸಮುದ್ರದ ಮುಖವನ್ನೇ ನೋಡದ ಜನವೆಲ್ಲ ಸಮುದ್ರದ ಮೇಲೆ ಭಾಷಣ ಬಿಗಿದರು. ನಮ್ಮ ಕಾಫಿಯವರ ಹಣೆಬರಹ ನಿನಗೆ ಹೇಳಬೇಕಾಗಿಲ್ಲ. ಸಮುದ್ರ ತಣ್ಣಗೆ ಮಲಗಿರುವುದು ನವೆಂಬರ್ ಡಿಸೆಂಬರಿನಲ್ಲಂತೆ. ಆಗ ನಮಗೆ ಹಣ್ಣಿನ ಕೊಯ್ಲು. ಕಣದಲ್ಲಿ ಕಾಫಿ ಹರಡಿ ನಾವು ಸ್ವಂತ ತಂಗಿಯ ಮದುವೆಗೂ ಹೋಗುವುದಿಲ್ಲ, ಇನ್ನು ಸಮುದ್ರಕ್ಕೆ ಹೋಗುತ್ತೇವೆಯೇ! ಅದು ಮುಗಿದರೆ ಗಿಡ ಹೂಬಿಡಲು ಹೂಮಳೆಗೆ ಕಾಯುವುದು. ಮನೆಯ ಯಜಮಾನ ಊರು ಬಿಟ್ಟರೆ ಹೂಮಳೆ ಮುನಿದು ಆಚೆಯ ಬೆಟ್ಟಕ್ಕೆ ಹೋಗಿಬಿಡುತ್ತದೆ ಎಂದು ನಿನ್ನ ಅಜ್ಜಿ ನನ್ನನ್ನು ಇಷ್ಟು ವರ್ಷ ಹೊಸ್ತಿಲಿಗೆ ಕಟ್ಟಿಹಾಕಿದಳು. ಏಪ್ರಿಲ್ ಮೇ ತಿಂಗಳಲ್ಲಿ ಘಟ್ಟದ ಕೆಳಗೆ ಮರಳು ಕಾದ ಕಾವಲಿಯಂತೆ ಇರುತ್ತದಂತೆ. ಕೊನೆಗೆ ನಮಗೆ ಬಿಡುವು ಸಿಗುವುದು ಯಾವಾಗ? ಈ ಜಡಿಮಳೆಯಲ್ಲಿ, ತೋಟಕ್ಕೆ ಕಾಲಿಡಲಾಗದೆ ಕಂಬಳಿ ಹೊದ್ದು ಕೂತಾಗ. ಸಮುದ್ರಕ್ಕೆ ಹುಚ್ಚು ಕೆರಳುವುದೂ ಸರಿಯಾಗಿ ಆಗಲೇ.

ಅಲ್ಲಿದ್ದವರಲ್ಲಿ ಸಮುದ್ರಕ್ಕೆ ಇಳಿದು ಬಂದವನು ಬಸವಯ್ಯ ಒಬ್ಬನೇ. ಅವನು ಬೋಂಡದ ಜಾಲರಿ ಕೆಳಗಿಟ್ಟು ಹೇಳಿದ: "ಕೃಷ್ಣಪ್ಪಣ್ಣ, ನಾವೂ ಹಿಂಗೇ ಆಷಾಢದಾಗೇ ಹೋಗಿದ್ದು ಕಣೋ. ಮಳೆ ನಿಂತು ಹೊಳವಾಗಿತ್ತು. ನಮ್ಮ ಹಳ್ಳದಲ್ಲಿ ಕಲ್ಲು ಕಾಣ್ತಿತ್ತು. ಹಳ್ಳ ಇಳ್ದೈತೆ ಅಂದ್ಮೇಲೆ ಸಮುದ್ರನೂ ಇಳ್ದಿರ್ತೈತೆ ಅಂದ್ಕಂಡು ಜೀಪು ಹತ್ಬುಟ್ವಿ."

ನೋಡು, ಬೆಟ್ಟದವರ ಲೆಕ್ಕವೇ ಇಷ್ಟು. ಮಳೆ ನಿಂತು ಬಿಸಿಲು ಬಂದರೆ ಹಳ್ಳ ಇಳಿಯುತ್ತದೆ, ಕಲ್ಲು ಕಂಡರೆ ದಾಟಬಹುದು. ನಾನು ಬಸವಯ್ಯನ ಜಾಗದಲ್ಲಿದ್ದರೆ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ನೀನೂ ನಮ್ಮ ಹಳ್ಳ ನೋಡಿಯೇ ಬೆಳೆದವಳು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

"ಮೇಲೆ ಒಂದು ಚೂರೂ ಮೋಡ ಇಲ್ಲ ಮಾರಾಯ," ಅಂದ ಅವನು. "ಬಿಸಿಲು ಹೊಡೀತೈತೆ. ನೀರು ಮಾತ್ರ ಮನೆ ಎತ್ತರ ಎದ್ದು ಬತ್ತೈತೆ. ನಾನು ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ ಅಷ್ಟೇಯ. ಅಲೆ ಬಂದಿದ್ದು ಕಾಣ್ತು, ಹೋಗಿದ್ದು ಕಾಣಲಿಲ್ಲ. ಕಾಲ ಕೆಳಗಿನ ಮರಳನ್ನೇ ಎಳ್ಕಂಡು ಹೋಗ್ಬುಡ್ತು. ಯಾರೋ ಬಲೆ ಹಾಕೋರು ಜುಟ್ಟು ಹಿಡ್ದು ಎಳ್ದು ದಡಕ್ಕೆ ಎಸೆದ್ರು. ಇಲ್ದಿದ್ರೆ ನಿಂಗೆ ಇವತ್ತು ಕಾಫಿ ಕೊಡೋನು ಯಾರು?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಜನವರಿ ಕೊನೆಗೆ ನಮ್ಮ ಅರೇಬಿಕಾ ಕೊಯ್ಲು ಮುಗಿಯುತ್ತದೆ, ಹೂಮಳೆಗೆ ಇನ್ನೂ ಸಮಯವಿರುತ್ತದೆ. ಆ ಸಂದಿಯಲ್ಲಿ ಹೋಗೋಣ. ಅಜ್ಜಿ ಏನಾದರೂ ಬೈದುಕೊಳ್ಳಲಿ. ಅವ್ವ ಇಷ್ಟು ವಯಸ್ಸಾದರೂ ಸಮುದ್ರ ನೋಡಿಲ್ಲ. ಹಿಂದೊಮ್ಮೆ ದೋಣಿಗಲ್ ಹತ್ತಿರದ ಮಂಜರಾಬಾದ್ ಕೋಟೆ ಹತ್ತಿಸಿ, ಪಡುವಲ ಕಡೆ ಹೊಳೆಯುವ ಗೆರೆಯೊಂದನ್ನು ತೋರಿಸಿ, "ಅದೇ ಸಮುದ್ರ" ಅಂದಿದ್ದೆ. ಅದು ಮೋಡವೋ ಸಮುದ್ರವೋ ನನಗೇ ಗೊತ್ತಿರಲಿಲ್ಲ. ನೀನು ಅವತ್ತು ನನ್ನ ಹೆಗಲ ಮೇಲೆ ಕೂತು, ಕೈಚಾಚಿ ಕೂಗಿದ್ದು ನೆನಪಿದೆಯೇ?

ಇನ್ನೊಂದು ಮಾತು. ಆಲೂರಿನವರ ಸುದ್ದಿಯನ್ನು ನಾನು ಎತ್ತುವುದಿಲ್ಲ ಅಂದಿದ್ದೆ, ಈಗ ಎತ್ತುತ್ತೇನೆ. ನಿಶ್ಚಯದ ದಿನ ಆ ಹೆಂಗಸು ನಿನಗೆ ಬಳೆ ತೊಡಿಸುವಾಗ ಮುಂಗೈ ಮೇಲೆ ಅವರೆಕಾಳಿನಷ್ಟು ಬಿಳಿ ಮಚ್ಚೆ ಕಂಡಿದ್ದಕ್ಕೆ, ತುಂಬಿದ ಮನೆಯಲ್ಲಿ, "ಹುಡುಗಿ ಮೈಮೇಲೆ ತೊನ್ನೈತೆ, ಮುಚ್ಚಿಟ್ಟು ಕೊಡಾಕೆ ಬಂದವ್ರೆ" ಎಂದು ಕೂಗಿ, ಬಡಿಸಿದ ಎಲೆ ಬಿಟ್ಟು ಮಗನನ್ನು ಎಬ್ಬಿಸಿಕೊಂಡು ಹೋದಳಲ್ಲ, ಹೋಗಲಿ. ಮುಚ್ಚಿಡಲು ಅದೇನು ಕಳ್ಳಮಾಲೇ? ಹಾಸನದ ಡಾಕ್ಟರು ನಿನ್ನೆದುರಿಗೇ ಹೇಳಲಿಲ್ಲವೇ, ಇದು ಬರೀ ಬಣ್ಣದ ವಿಷಯ, ಯಾರಿಗೂ ಅಂಟುವುದಿಲ್ಲ, ಮೈಗೆ ಏನೂ ತೊಂದರೆ ಇಲ್ಲ ಅಂತ? ಅವ್ವ ಮಚ್ಚೆಗೆ ಹಚ್ಚಲು ಬಾವಂಚಿ ಎಣ್ಣೆ ಕಾಯಿಸಿ ಇಟ್ಟಿದ್ದಾಳೆ, ಬಂದವರ ಕೈಲಿ ಕಳಿಸುತ್ತೇನೆ. ಹಚ್ಚಿದರೆ ಹಚ್ಚು, ಬಿಟ್ಟರೆ ಬಿಡು. ನೀನು ಚೆನ್ನಾಗಿ ಉಂಡರೆ ಸಾಕು.

ಈ ಕಾಗದ ತಲುಪಿದ ತಕ್ಷಣ ಎರಡು ಸಾಲು ಬರೆ.

ನೂರು ಕಾಲ ಬಾಳು.
ನಿನ್ನ ಅಪ್ಪ,
ಕೃಷ್ಣಪ್ಪ

ತಾ.ಕ.: ನಿನಗೆ ಈಜು ಬರುವುದಿಲ್ಲ. ಮರೆತಿರಬಹುದೆಂದು ಬರೆದೆ.


ಹೆತ್ತೂರು,
ತಾ. ೨೧-೭-೧೯೯೮

ಮಗಳೇ ಮಧು,

ಕ್ಷೇಮಸಮಾಚಾರ ಬರೆಯುವ ವ್ಯವಧಾನ ನನಗಿಲ್ಲ. ನಿನ್ನ ಕಾರ್ಡು ಶನಿವಾರ ಬಂತು. ಎರಡು ಸಾಲು ಬರೆ ಅಂದಿದ್ದಕ್ಕೆ ಸರಿಯಾಗಿ ಎರಡೇ ಸಾಲು ಬರೆದಿದ್ದೀಯ. "ಅಪ್ಪ, ಜನವರಿಯವರೆಗೆ ಕಾಯಲು ನನ್ನಿಂದಾಗದು, ಭೀಮನ ಅಮಾವಾಸ್ಯೆಯ ದಿನ ಸಮುದ್ರಸ್ನಾನ ಮಾಡಿದರೆ ಮೈಮೇಲಿನ ಕಲೆ ಹೋಗುತ್ತದೆಂದು ಇಲ್ಲಿ ಯಾರೋ ಹೇಳಿದರು. ಒಬ್ಬಳೇ ಹೋಗುತ್ತೇನೆ, ನೀವು ಯಾರೂ ಯೋಚನೆ ಮಾಡಬೇಡಿ, ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ."

ಆ ಕೊನೆಯ ಮಾತು ಯಾಕೆ ಬರೆದೆ ಮಗಾ? ನಿನ್ನಿಂದ ಏನು ತಪ್ಪಾಗಿದೆ? ಅವತ್ತಿನಿಂದ ಅದನ್ನೇ ಓದುತ್ತಿದ್ದೇನೆ. ಕಾರ್ಡು ತೇವಕ್ಕೆ ಮೆತ್ತಗಾಗಿದೆ. ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಲೂ ಭಯ, ಹೊರಗೆ ಇಡಲೂ ಭಯ.

ಭೀಮನ ಅಮಾವಾಸ್ಯೆ ಅಂದರೆ ನಾಡಿದ್ದು. ಪ್ರತಿ ವರ್ಷ ನೀನೇ ಹಿಟ್ಟು ಕಲಸಿ ದೀಪದ ಕಂಬ ಮಾಡುತ್ತಿದ್ದೆ. ಒಳ್ಳೆಯ ಗಂಡ ಸಿಗಲಿ ಅಂತ ಹೆಣ್ಣುಮಕ್ಕಳು ಪೂಜೆ ಮಾಡುವ ದಿನ ಅದು. ಆ ದಿನವನ್ನೇ ನೀನು ಆರಿಸಿಕೊಂಡೆಯಲ್ಲ ಅಂತ ಅವ್ವನಿಗೆ ಸಂಕಟ. ದೇವಸ್ಥಾನದ ಅಯ್ಯನೋರನ್ನು ಕೇಳಿದೆ. ಅವರು, "ಅಮಾವಾಸ್ಯೆಗೆ ಸಮುದ್ರಸ್ನಾನ ಇರೋದು ನಿಜ. ಆದ್ರೆ ಈ ಆಷಾಢದಾಗೆ ಯಾರಪ್ಪ ಇಳೀತಾರೆ ಅದಕ್ಕೆ? ಅದೂ ಹೆಣ್ಮಗು ಒಬ್ಬಳೇ?" ಎಂದು ನನ್ನನ್ನೇ ತಿರುಗಿ ಕೇಳಿದರು. ಬಸವಯ್ಯನಿಗೆ ಈಗ ನಿನ್ನ ಹೆಸರು ಹೇಳಿಯೇ ಕೇಳಿದೆ, ನಾಚಿಕೆ ಬಿಟ್ಟೆ. "ಅಮಾಸೆ ದಿನ ಅದು ಇನ್ನೂ ಉಬ್ತೈತೆ ಕಣಣ್ಣ, ಬ್ಯಾಡ ಅನ್ನು, ಹೆಂಗಾದ್ರೂ ಮಾಡಿ ತಡಿ," ಅಂದ. ಅವತ್ತು ನಗುತ್ತ ಹೇಳಿದ್ದವನು ಇವತ್ತು ನಗಲಿಲ್ಲ.

ಶೃತಿ ಬಂದಿದ್ದಳು. ನಿನ್ನ ರೂಮಿನ ಹುಡುಗಿ ಅಂತ ಅವಳ ಮೇಲೆ ನನಗೆ ಬಹಳ ವಿಶ್ವಾಸ. ವನಗೂರಿಗೆ ಅವರ ಅಮ್ಮನ ಮನೆಗೆ ಬಂದವಳು, ನೀನು ಕೊಟ್ಟ ಚೀಲ ತಲುಪಿಸಲು ಅಷ್ಟು ಮಳೆಯಲ್ಲಿ ಜೀಪು ಹತ್ತಿ ಇಲ್ಲಿಗೂ ಬಂದಳು. ಚೀಲದಲ್ಲಿ ನಿನ್ನ ಒಳ್ಳೆಯ ಸೀರೆಗಳೆಲ್ಲ ಇದ್ದವು. ಕಾಗದದಲ್ಲಿ ಸುತ್ತಿದ ಕಿವಿಯ ಓಲೆಯೂ ಇತ್ತು. "ಹಾಸ್ಟೆಲಿನಲ್ಲಿ ಭದ್ರ ಇಲ್ಲ, ಅವ್ವನ ಹತ್ರ ಇರ್ಲಿ ಅಂದ್ಲು," ಎಂದು ಶೃತಿ ಹೇಳಿದಳು. ಅವಳು ಹೋದಮೇಲೆ ಅವ್ವ ಆ ಸೀರೆಗಳನ್ನು ಮಂಚದ ಮೇಲೆ ಹರಡಿದಳು, ಮಡಿಸಿದಳು, ಮತ್ತೆ ಹರಡಿದಳು. "ಎತ್ತಿಡೇ," ಅಂದೆ. ಎತ್ತಿಡಲಿಲ್ಲ. "ಎತ್ತಿಟ್ರೆ ನನ್ನವಾಗ್ಬುಡ್ತವೆ. ಇವು ನನ್ನ ಮಗಳವು," ಅಂದಳು.

ಅಜ್ಜಿಗೆ ಯಾರೂ ಏನೂ ಹೇಳಿಲ್ಲ. ಆದರೂ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ತಾನೇ ಅಂದಳು, "ಹೊಳೆಗಾದ್ರೆ ಆಚೆ ದಡ ಕಾಣ್ತೈತೆ. ಅದಕ್ಕೆ ಆಚೆ ದಡನೇ ಇಲ್ವಂತಲ್ಲೋ ಕೃಷ್ಣ." ಯಾವುದಕ್ಕೆ ಅಂತ ನಾನು ಕೇಳಲಿಲ್ಲ. ಈ ಮನೆಯಲ್ಲಿ ಈಗ ಯಾರೂ ಯಾವುದಕ್ಕೂ ಹೆಸರು ಹೇಳುತ್ತಿಲ್ಲ.

ಮಧು, ನಿನಗೆ ಒಂದು ವಿಷಯ ಹೇಳುತ್ತೇನೆ, ನಗಬೇಡ. ಪ್ರತಿ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಾಗ ಬೈಯುವವರಲ್ಲಿ ನಾನು ಮೊದಲನೆಯವನು. ಇಂಜಿನಿಯರಿಂದ ಹಿಡಿದು ಮಂತ್ರಿಯವರೆಗೆ ಒಬ್ಬರನ್ನೂ ಬಿಡುವುದಿಲ್ಲ. ಈ ಸಲ, ಘಾಟಿ ಕುಸಿಯಲಿ ಅಂತ ನಾನೇ ದೇವರಿಗೆ ಹರಕೆ ಕಟ್ಟಿಕೊಂಡೆ. ಹಾಸನದಿಂದ ಸಮುದ್ರಕ್ಕೆ ಹೋಗುವ ಬಸ್ಸು ನಮ್ಮ ಸಕಲೇಶಪುರ, ದೋಣಿಗಲ್ ದಾಟದೆ ಹೋಗುವಂತಿಲ್ಲ. ಮಣ್ಣು ಜಾರಿ ರಸ್ತೆ ಮುಚ್ಚಿದರೆ ನನ್ನ ಮಗಳು ಈ ಕಡೆಯೇ ಉಳಿಯುತ್ತಾಳೆ ಅನ್ನುವುದೊಂದೇ ನನ್ನ ಯೋಚನೆ. ನಿಜವಾಗಿಯೂ ಭಾನುವಾರ ದೋಣಿಗಲ್ಲಿನಿಂದ ಕೆಳಗೆ ಒಂದು ಕಡೆ ಗುಡ್ಡ ಜಾರಿತಂತೆ. ಲಾರಿಗಳು ಸಾಲಾಗಿ ನಿಂತವಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸುದ್ದಿ ಕೇಳಿ ನಾನು ಕೈಮುಗಿದೆ, ಅವತ್ತು ಎರಡು ಮುದ್ದೆ ಉಂಡೆ. ನಿನ್ನೆ ಬುಲ್ಡೋಜರ್ ತಂದು ಮಣ್ಣು ತಳ್ಳಿ ದಾರಿ ಬಿಡಿಸಿದರಂತೆ. ಅದನ್ನು ಕೇಳಿದಾಗಿನಿಂದ ಮತ್ತೆ ತಟ್ಟೆಯ ಮುಂದೆ ಕೂತು ಎದ್ದುಬರುತ್ತಿದ್ದೇನೆ.

ನಿನ್ನೆಯೇ ಸಕಲೇಶಪುರಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ನಿಮ್ಮ ಹಾಸ್ಟೆಲಿಗೆ ಫೋನು ಮಾಡಿದೆ. ವಾರ್ಡನ್ ರಾಜಲಕ್ಷ್ಮಮ್ಮ ಎತ್ತಿದರು. "ಮಧುಶ್ರೀ ಸ್ಕೂಲಿಗೆ ಹೋಗಿದಾಳೆ, ಚೆನ್ನಾಗೇ ಇದಾಳಲ್ಲ, ಗುರುವಾರಕ್ಕೆ ರಜಾ ಬೇರೆ ಕೇಳಿದಾಳೆ," ಅಂದರು. "ಅಮ್ಮಾ, ಅವಳನ್ನ ಎಲ್ಲಿಗೂ ಕಳಿಸಬೇಡಿ," ಅಂದೆ. "ದೊಡ್ಡ ಹುಡುಗಿ ಕಣ್ರೀ, ಕೆಲಸದಲ್ಲಿರೋಳು, ಕಟ್ಟಿಹಾಕೋಕಾಗುತ್ತಾ?" ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ? ಏನೆಂದು ಬಿಡಿಸಿ ಹೇಳಲಿ ಅವರಿಗೆ? ಫೋನು ಇಟ್ಟೆ.

ಬೂತಿನಿಂದ ಹೊರಗೆ ಬಂದವನಿಗೆ ಮನೆಗೆ ಹೋಗಲು ಕಾಲೇ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಂಗಳೂರು ಬೋರ್ಡಿನ ಬಸ್ಸು ಬಂದಾಗಲೆಲ್ಲ ಓಡಿಹೋಗಿ ಒಳಗೆ ಇಣುಕಿದೆ. ಅಮಾವಾಸ್ಯೆಗೆ ಇನ್ನೂ ಮೂರು ದಿನ ಇದೆ, ನೀನು ಸ್ಕೂಲಿನಲ್ಲಿದ್ದೀಯ ಅಂತ ಆಗಷ್ಟೇ ಕಿವಿಯಾರೆ ಕೇಳಿದ್ದೇನೆ, ಆದರೂ ಇಣುಕಿದೆ. ಕಿಟಕಿ ಗಾಜೆಲ್ಲ ಮಂಜು ಹಿಡಿದು ಒಳಗೆ ಯಾರ ಮುಖವೂ ಕಾಣುವುದಿಲ್ಲ. ಗಾಜನ್ನು ಅಂಗೈಯಿಂದ ಉಜ್ಜಿದರೆ ಹೊರಗಿನ ನೀರು ಹೋಗುತ್ತದೆ, ಒಳಗಿನ ಮಂಜು ಹೋಗುವುದಿಲ್ಲ. ಒಬ್ಬ ಕಂಡಕ್ಟರ್, "ಯಾರನ್ನ ಹುಡುಕ್ತಿದೀರಾ ಯಜಮಾನ್ರೇ?" ಅಂದ. "ನನ್ನ ಮಗಳನ್ನ," ಅಂದೆ. "ಎಲ್ಲಿಗೆ ಹೊರಟಿದಾಳೆ?" ಅಂದ. ಕೊಡೆ ಬಿಚ್ಚಿಕೊಂಡು ಈಚೆಗೆ ಬಂದುಬಿಟ್ಟೆ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ? ನೀನು ಹೋಗಬಾರದು ಅಂತ. ಅಲೆ ದೊಡ್ಡದು, ಅಮಾವಾಸ್ಯೆಗೆ ಇನ್ನೂ ದೊಡ್ಡದು, ನಿನಗೆ ಈಜು ಬಾರದು, ಘಾಟಿಯಲ್ಲಿ ಇನ್ನೊಂದು ಗುಡ್ಡ ಯಾವ ಗಳಿಗೆಯಲ್ಲಾದರೂ ಜಾರಬಹುದು. ಈ ಮಳೆಯಲ್ಲಿ ದಡದ ಮೇಲೆ ಒಂದು ನರಪಿಳ್ಳೆಯೂ ಇರುವುದಿಲ್ಲ, ಕೂಗಿದರೆ ಓಗೊಡುವವರಿಲ್ಲ. ಬಸವಯ್ಯನ ಜುಟ್ಟು ಹಿಡಿದು ಎಳೆದ ಬಲೆಯವರು ಅವತ್ತು ಅದೃಷ್ಟಕ್ಕೆ ಅಲ್ಲಿದ್ದರಂತೆ, ಈ ತಿಂಗಳಲ್ಲಿ ಅವರೂ ದೋಣಿ ದಡಕ್ಕೆ ಹಾಕಿ ಮನೆಯಲ್ಲಿರುತ್ತಾರಂತೆ. ಇನ್ನು ಕಲೆಯ ಮಾತು. ಉಪ್ಪುನೀರಿಗೆ ಅದು ಹೋಗುವುದಿಲ್ಲ. ಡಾಕ್ಟರೂ ಅದನ್ನು ತೊಳೆಯಬೇಕು ಅನ್ನಲಿಲ್ಲ. ನಿನ್ನ ಮೈಮೇಲೆ ತೊಳೆಯಬೇಕಾದ್ದು ಏನೂ ಇಲ್ಲ ಮಗಳೇ. ಆ ಆಲೂರಿನ ಹೆಂಗಸಿನ ಬಾಯಿ ತೊಳೆಯಬೇಕು, ಅದಕ್ಕೆ ಸಮುದ್ರವೂ ಸಾಲದು.

ಇಲ್ಲಿಯವರೆಗೆ ಬರೆದು ಪೋಸ್ಟಿಗೆ ಹಾಕಲು ಹೊರಟೆ. ಪೋಸ್ಟಾಫೀಸಿನ ಬಾಗಿಲಲ್ಲಿ ಟಪಾಲು ಚೀಲ ಹಾಗೆಯೇ ಬಿದ್ದಿತ್ತು. ದಾರಿಯಲ್ಲಿ ಮರ ಬಿದ್ದು ಇವತ್ತು ಬಸ್ಸು ಬಂದಿಲ್ಲವಂತೆ. ಪೋಸ್ಟ್‌ಮಾಸ್ಟರು, "ಶುಕ್ರವಾರಕ್ಕೆ ಮುಂಚೆ ಟಪಾಲು ಹಾಸನಕ್ಕೆ ಹೋಗಲ್ಲ ಕೃಷ್ಣಪ್ಪ," ಅಂದರು. ಶುಕ್ರವಾರ! ಆಗ ಈ ಕಾಗದವನ್ನು ಯಾರು ಓದುತ್ತಾರೆ? ಮನೆಗೆ ವಾಪಸ್ಸು ಬಂದು, "ನಾನೇ ಹೋಗಿ ಕೊಡ್ತೀನಿ ಜಗದಾಂಬ," ಅಂದೆ. ನಿನ್ನ ಅವ್ವ ಒಳಗೆ ಹೋಗಿ ಸೀರೆಯುಟ್ಟು, ನಿನ್ನ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತಳು. "ನೀನೆಲ್ಲಿಗೇ ಈ ಮಳೇಲಿ?" ಅಂದೆ. "ಹೆತ್ತೋಳು ನಾನು," ಅಂದಳು. ಅಜ್ಜಿಯನ್ನು ನೋಡಿಕೊಳ್ಳಲು ಬಸವಯ್ಯನ ಹೆಂಡತಿ ಸುಲೋಚನಮ್ಮ ಬರುತ್ತೇನೆ ಅಂದಿದ್ದಾಳೆ. ಈಗ ಕತ್ತಲಾಗಿದೆ, ಬೆಳಗಾದ ಕೂಡಲೇ ಹೊರಡುತ್ತೇವೆ. ಬಿದ್ದ ಮರದವರೆಗೆ ನಡೆದು, ಆಚೆಗೆ ಜೀಪೋ ಲಾರಿಯೋ ಏನು ಸಿಕ್ಕಿದರೆ ಅದು.

ನಾವು ಬರುವವರೆಗೆ ನಿನ್ನ ತಲೆಯ ಮೇಲೆ ದೇವರ ಕೈ ಇರಲಿ. ಆಮೇಲೆ ನಮ್ಮ ಕೈ ಇರುತ್ತದೆ.

ನಿನ್ನ ಅಪ್ಪ,
ಕೃಷ್ಣಪ್ಪ

ತಾ.ಕ.: ಹಾಸನ, ಬುಧವಾರ. ಮಧು, ನಾವು ನಿನ್ನ ಹಾಸ್ಟೆಲಿನ ಕೆಳಗಿನ ಕೋಣೆಯಲ್ಲಿ ಕೂತಿದ್ದೇವೆ. ಗಂಡಸರು ಮೇಲೆ ಹತ್ತುವಂತಿಲ್ಲ ಅಂತ ವಾರ್ಡನ್ ಹೇಳಿದರು. ಅವ್ವ ಹತ್ತಬಹುದು, ಆದರೆ ಮೆಟ್ಟಿಲ ಹತ್ತಿರ ಹೋದವಳು ವಾಪಸ್ಸು ಬಂದು ಕೂತಳು. ಬಾಗಿಲು ತಟ್ಟಿದರೆ ನೀನು ತೆಗೆಯದಿದ್ದರೆ ಏನು ಮಾಡಲಿ ಅನ್ನುತ್ತಾಳೆ. ಅದಕ್ಕೇ ಈ ಕಾಗದವನ್ನು ಶೃತಿಯ ಕೈಲಿ ಕಳಿಸುತ್ತಿದ್ದೇನೆ.

ಆ ಹುಡುಗಿ ಗೇಟಿನ ಹತ್ತಿರವೇ ಸಿಕ್ಕಳು. "ಮಧು ಏನ್ಮಾಡ್ತಿದಾಳಮ್ಮ, ಬಟ್ಟೆಬರೆ ಕಟ್ಟಿಕೊಂಡಳಾ?" ಎಂದು ಕೇಳಿದೆ. "ಇಲ್ಲ ಅಂಕಲ್, ಏನೂ ಕಟ್ಟಿಲ್ಲ. ನಾಳೆ ಸ್ನಾನಕ್ಕೆ ಹೋಗ್ತೀಯಲ್ಲ, ಬದಲು ಬಟ್ಟೆ ಬೇಡ್ವೇನೇ ಅಂದ್ರೆ, ಬೇಡ ಅಂದ್ಲು," ಅಂತ ಹೇಳಿದಳು. ಅವಳು ಅದನ್ನು ನೀನು ಮರೆವಿನವಳು ಅನ್ನುವಂತೆ ಹೇಳಿದಳು. ಅವ್ವ ಅಲ್ಲೇ ನಿನ್ನ ಚೀಲವನ್ನು ಎದೆಗೆ ಅವುಚಿಕೊಂಡಳು.

ಸ್ನಾನಕ್ಕೆ ಹೋಗುವವರು ಒದ್ದೆ ಬಟ್ಟೆ ಬದಲಾಯಿಸಲು ಇನ್ನೊಂದು ಜೊತೆ ಒಯ್ಯುತ್ತಾರೆ ಮಗಾ. ಅಷ್ಟು ಉದ್ದ ಕಾಗದದಲ್ಲಿ ಅಲೆ, ಈಜು, ಘಾಟಿ, ಅಮಾವಾಸ್ಯೆ ಅಂತೆಲ್ಲ ಬರೆದೆ. ನನಗೆ ಅದು ಯಾವುದರ ಭಯವೂ ಅಲ್ಲ. ನೀನು ವಾಪಸ್ಸು ಬರಲು ಹೋಗುತ್ತಿಲ್ಲ ಅನ್ನುವ ಭಯ. ಮೊದಲ ಕಾಗದ ಓದಿದಾಗಲೇ ಎದೆಯಲ್ಲಿ ಕೂತದ್ದು ಇದೇ. ನಾಲಿಗೆಗೆ ತರಲು ಧೈರ್ಯ ಸಾಲದೆ ತಿಂಗಳುಗಳ ಲೆಕ್ಕ ಬರೆದು ಕಳಿಸಿದೆ. ಈಗ ಬರೆದೇ ಕೇಳುತ್ತಿದ್ದೇನೆ, ಸಾಯಲು ಹೊರಟಿದ್ದೀಯಾ ಮಧು?

ಹೌದಾದರೆ ಹೌದು ಅನ್ನು. ನಾನು ಬೈಯುವುದಿಲ್ಲ, ಅವ್ವ ಅಳುವುದಿಲ್ಲ. ಅತ್ತರೂ ನಿನ್ನನ್ನು ಹಿಡಿದುಕೊಂಡು ಅಳುತ್ತಾಳೆ. ಮದುವೆ ಬೇಡ, ಗಂಡು ಬೇಡ, ಊರಿಗೆ ಬರುವುದು ಬೇಡ ಅಂದರೂ ಸರಿ, ಇಲ್ಲೇ ಒಂದು ಮನೆ ಹಿಡಿದು ನಿನ್ನ ಜೊತೆ ಇರುತ್ತೇವೆ. ಈ ವರ್ಷದ ಕೊಯ್ಲು ಯಾರಾದರೂ ಮಾಡಿಕೊಳ್ಳಲಿ.

ಅವ್ವ ಪಕ್ಕದಲ್ಲಿ ಕೂತು, "ಇನ್ನೇನೂ ಬರೀಬ್ಯಾಡಿ, ಇಳ್ದು ಬಾ ಅನ್ನಿ, ಅಷ್ಟೇ ಬರೀರಿ," ಅನ್ನುತ್ತಿದ್ದಾಳೆ. ನಿನ್ನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ, ಕೆಳಗಿಡು ಅಂದರೆ ಇಡುವುದಿಲ್ಲ.

ಸಮುದ್ರ ನೋಡಲೇಬೇಕು ಅನ್ನಿಸಿದರೆ ನಾಳೆಯೇ ಹೋಗೋಣ. ಮಳೆ ಬರಲಿ, ಅಮಾವಾಸ್ಯೆಯಾಗಲಿ, ಯಾವ ತಿಂಗಳಾದರೂ ಆಗಲಿ. ಮರಳಿನ ಮೇಲೆ ದೂರ ನಿಂತು, ನಿನ್ನ ಒಂದು ಕೈ ನಾನು ಹಿಡಿಯುತ್ತೇನೆ, ಇನ್ನೊಂದು ಅವ್ವ ಹಿಡಿಯುತ್ತಾಳೆ. ಮೂರು ಜನ ಹೋಗಿ, ಮೂರು ಜನ ವಾಪಸ್ಸು ಬರೋಣ. ಇಳಿದು ಬಾ ಮಗಾ.